ತೋಳಿನೊಳಗಿನ ಮುದ್ರೆ

ಹಿಗುಚಿ ಮನೆತನದವರಿಗೆ ಹೇಳಿಕೊಳ್ಳುವಂಥ ಆಸ್ತಿ ಅಂತ ಉಳಿದಿದ್ದದ್ದು ಒಂದೇ ಒಂದು ಮುದ್ರೆ. ಉಂಗುರದ ಮುದ್ರೆಯಲ್ಲ, ಬೆರಳುಗಳ ಮುದ್ರೆ. ಕ್ಯೋಟೊದಲ್ಲಿ ಹೊಸ ಚಕ್ರವರ್ತಿ ಸಿಂಹಾಸನ ಏರುವಾಗ, ಅಂಗಿಯ ಅಗಲವಾದ ತೋಳುಗಳ ಒಳಗೆ ಯಾರಿಗೂ ಕಾಣದ ಹಾಗೆ ಎರಡೂ ಕೈಗಳ ಬೆರಳು ಹೆಣೆದು ಆ ಮುದ್ರೆ ಹಿಡಿಯಬೇಕು. ಹಿಡಿಯದೆ ಏರಿದವನು ಕೂತದ್ದು ಬರೀ ಎತ್ತರದ ಮಣೆಯ ಮೇಲೆ ಅಂತ ಆಸ್ಥಾನದವರ ನಂಬಿಕೆ. ಅದನ್ನು ಚಕ್ರವರ್ತಿಗೆ ಹೇಳಿಕೊಡುವ ಹಕ್ಕು ಹಿಗುಚಿ ಮನೆಯ ಯಜಮಾನನೊಬ್ಬನದು. ಅವನಿಗೆ ಅದು ಬರುವುದು ಅಪ್ಪನಿಂದ, ಕೋಣೆಯ ಬಾಗಿಲು ಹಾಕಿಕೊಂಡು, ಕೈಯಿಂದ ಕೈಗೆ. ಚಿತ್ರ ಬರೆದಿಡುವ ಹಾಗಿಲ್ಲ, ಬಾಯಲ್ಲಿ ಆಡುವ ಹಾಗಿಲ್ಲ. ಕಲಿತವನು ಅದನ್ನು ಹಿಂದಿನಿಂದ ಕಲಿಸುತ್ತ ಬಂದವರ ಹೆಸರುಗಳನ್ನಷ್ಟೇ ಸಾಲಾಗಿ ಹೇಳಿಕೊಳ್ಳಬೇಕು. ಯಾವ ಬೆರಳು ಎಲ್ಲಿಗೆ ಹೋಗುತ್ತದೆ ಅಂತ ನನ್ನನ್ನೂ ಕೇಳಬೇಡಿ.

ಒಂದು ಕಾಲಕ್ಕೆ ಈ ಮನೆಯವರು ದೇಶವನ್ನೇ ಆಳಿದವರು. ಎಳೆಯ ಚಕ್ರವರ್ತಿಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರ ಹೆಸರಿನಲ್ಲಿ ಆಜ್ಞೆ ಹೊರಡಿಸಿದವರು. ತಮ್ಮ ಹೆಣ್ಣುಮಕ್ಕಳನ್ನು ಅರಮನೆಗೆ ಕೊಟ್ಟು, ಹುಟ್ಟಿದ ಮೊಮ್ಮಗನನ್ನು ಮತ್ತೆ ಪಟ್ಟಕ್ಕೆ ಏರಿಸಿದವರು. ಈಗ ಆಳುವುದೆಲ್ಲ ಎದೋ ಪಟ್ಟಣದಲ್ಲಿ ಕೂತ ಮಹಾಸೇನಾಪತಿ, ಶೋಗನ್. ಕ್ಯೋಟೊದ ದೊಡ್ಡ ಮನೆಗಳಿಗೆ ಉಳಿದದ್ದು ಬಿರುದು, ಗತ್ತು ಮತ್ತು ಮಳೆಗಾಲದಲ್ಲಿ ಸೋರುವ ಸೂರು. ಹಿಗುಚಿ ಮನೆಯ ಈಗಿನ ಯಜಮಾನ ಮೊರೊನಾಗನಿಗೂ 'ರಾಜಪ್ರತಿನಿಧಿ' ಅಂತ ಬಿರುದಿತ್ತು. ಮನೆಗೆ ಹೊಸ ಚಾಪೆ ಹಾಸಿ ಮಾತ್ರ ಹನ್ನೊಂದು ವರ್ಷವಾಗಿತ್ತು. ಅವನ ಹೆಂಡತಿ ಇಸಾಕೋ ಚಾಪೆಯ ಸವೆದ ಜಾಗಗಳ ಮೇಲೆ ಮರದ ಚೌಕಟ್ಟಿನ ಪರದೆಗಳನ್ನು ಇಡಿಸುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಪರದೆಗಳು ನಿಲ್ಲಬೇಕಾದ ಕಡೆ ನಿಲ್ಲದೆ ನಡುಮನೆಯಲ್ಲೆಲ್ಲ ಅಡ್ಡಾದಿಡ್ಡಿ ನಿಂತಿರುತ್ತಿದ್ದವು.

ಆದರೂ ಈ ವರ್ಷ ಆ ಮನೆಗೆ ಹಳೆಯ ಕಳೆ ಬಂದಿತ್ತು. ಹಿಂದಿನ ಚಕ್ರವರ್ತಿ ಶರತ್ಕಾಲದಲ್ಲಿ ತೀರಿಕೊಂಡು, ಎಂಟು ವರ್ಷದ ಹುಡುಗ ಪಟ್ಟಕ್ಕೆ ಬಂದಿದ್ದ. ಆ ಹುಡುಗ ಇಸಾಕೋಳ ಮಗಳ ಮಗ. ಮಗಳು ಅವನನ್ನು ಹೆತ್ತು ಒಂಬತ್ತನೇ ದಿನಕ್ಕೆ ಕಣ್ಣು ಮುಚ್ಚಿದಳು. ಅಲ್ಲಿಯ ರೂಢಿಯಂತೆ ಮಗು ತಾಯಿಯ ತವರಿನಲ್ಲೇ ಬೆಳೆಯಿತು, ಐದು ವರ್ಷ ಇಸಾಕೋಳ ಸೆರಗಿಗೇ ಅಂಟಿಕೊಂಡು. ಆಮೇಲೆ ಒಂದು ಬೆಳಿಗ್ಗೆ ಅರಮನೆಯ ಪಲ್ಲಕ್ಕಿ ಬಂದು ಕರೆದುಕೊಂಡು ಹೋಯಿತು. ಅಂದಿನಿಂದ ವರ್ಷಕ್ಕೆರಡು ಸಲ, ಬಿದಿರಿನ ತೆರೆಯಾಚೆಯಿಂದ, ಅವನ ಅಂಗಿಯ ಬಣ್ಣ ಕಂಡರೆ ಅವಳ ಪುಣ್ಯ. ಹೆತ್ತವಳಲ್ಲದಿದ್ದರೂ ಜೀವ ನೋಯದೇ ಇರುತ್ತದೆಯೇ?

ಪಟ್ಟಾಭಿಷೇಕ ನಾಲ್ಕನೇ ತಿಂಗಳ ಇಪ್ಪತ್ತೊಂದಕ್ಕೆ ಅಂತ ಗೊತ್ತಾಯಿತು. ಎರಡನೇ ತಿಂಗಳಲ್ಲಿ, ಬೆಳಗಿನ ಗಂಜಿ ಕುಡಿಯುತ್ತಿದ್ದ ಮೊರೊನಾಗನ ಕೈಯಿಂದ ಬಟ್ಟಲು ಜಾರಿತು. ಬಾಯಿ ಎಡಕ್ಕೆ ವಾಲಿತು. ವೈದ್ಯ ಬಂದು ನೋಡಿ, ವಾಯು ಬಡಿದಿದೆ, ಜೀವಕ್ಕೇನೂ ಅಪಾಯವಿಲ್ಲ ಅಂದ. ಹತ್ತು ದಿನದಲ್ಲಿ ಬಾಯಿ ನೇರವಾಯಿತು, ಮಾತು ತಿರುಗಿತು, ಕಾಲೂ ನೆಲ ಕಚ್ಚಿತು. ಎಡಗೈ ಮಾತ್ರ ಯಾರದೋ ಕೈಯ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

"ಶೀತ ಅಂತ ಹೇಳು ಎಲ್ಲರಿಗೂ," ಅಂದ ಮೊರೊನಾಗ.

"ಒಂದೂವರೆ ತಿಂಗಳು ಶೀತವಾ?" ಅಂದಳು ಇಸಾಕೋ.

"ಹಿಗುಚಿ ಮನೆಯ ಶೀತ. ಮಿಕ್ಕವರದಕ್ಕಿಂತ ಜಾಸ್ತಿ ದಿನ ಇರತ್ತೆ."

ನಕ್ಕರು ಇಬ್ಬರೂ. ಆದರೆ ಊರು ನಂಬಬೇಕಲ್ಲ. ಮೂರನೇ ತಿಂಗಳು ಹುಟ್ಟುತ್ತಲೇ ಓಮಿಯಾ ಸಾಹೇಬ ನೋಡಲು ಬಂದ. ಓಮಿಯಾದವರದೂ ರಾಜಪ್ರತಿನಿಧಿಗಳ ಮನೆಯೇ. ಮುದ್ರೆ ನಿಜವಾಗಿ ತಮ್ಮದು, ಹಿಗುಚಿಯವರು ನೂರು ವರ್ಷದ ಹಿಂದೆ ಕದ್ದುಕೊಂಡರು ಅಂತ ಅವರ ಮನೆಯಲ್ಲಿ ಮಕ್ಕಳಿಗೆ ಹಾಲಿನ ಜೊತೆಗೇ ಕುಡಿಸುತ್ತಾರೆ. ಅವನು ಕೆಂಪು ಹುರುಳಿಯ ಯೋಕಾನ್ ಮಿಠಾಯಿಯ ಪೆಟ್ಟಿಗೆ ಹಿಡಿದುಕೊಂಡು, ಬಾಯಿತುಂಬ ನಗು ಹೊತ್ತುಕೊಂಡು ಬಂದು ಕೂತ. ಇಸಾಕೋ ಪರದೆಯ ಹಿಂದೆ ಕೂತು ಸಂದಿಯಲ್ಲಿ ನೋಡುತ್ತಿದ್ದಳು. ಸವೆದ ಚಾಪೆ ಮುಚ್ಚಲು ಇಟ್ಟ ಪರದೆ ಹೀಗೂ ಉಪಯೋಗಕ್ಕೆ ಬರುತ್ತಿತ್ತು.

"ಚೆನ್ನಾಗೇ ಕಾಣ್ತಿದೀರಲ್ಲ ಮೊರೊನಾಗ್ರೇ! ಊರಲ್ಲಿ ಏನೇನೋ ಅಂತಾರಪ್ಪ. ನಾನಂತೂ ನಂಬಲಿಲ್ಲ," ಅಂದ ಓಮಿಯಾ.

"ನಂಬದೇ ಇದ್ದೋರು ಮಿಠಾಯಿ ತಂದಿದೀರಲ್ಲ," ಅಂದ ಮೊರೊನಾಗ.

"ಹಹ್ಹ! ತಗೊಳ್ಳಿ, ನನ್ನೆದುರಿಗೇ ಒಂದು ತುಂಡು ತಿನ್ನಿ. ನನ್ನ ಕೈಯಾರೆ ಚಹಾನೂ ಮಾಡಿಕೊಡ್ತೀನಿ. ಎರಡೂ ಕೈಲಿ ಹಿಡಿದು ಕುಡಿದು, ಹರಸಿ ಕಳಿಸಿ ನನ್ನ."

ಇಸಾಕೋಳಿಗೆ ಸಂಚು ತಿಳಿಯಿತು. ಚಹಾದ ಬಟ್ಟಲನ್ನು ಒಂದು ಕೈಯಲ್ಲಿ ಹಿಡಿಯುವ ದೊರೆ ಆ ಊರಲ್ಲಿ ಯಾವನೂ ಇಲ್ಲ. ಪಾಪಿ ಅದನ್ನೇ ನೋಡಲು ಬಂದಿದ್ದಾನೆ. ಅವಳು ಪಕ್ಕದಲ್ಲಿದ್ದ ಸೆಕಿಯನ್ನು ತಿವಿದಳು. ಸೆಕಿ ನೇಯ್ಗೆಯವರ ಕೇರಿಯಿಂದ ಬಂದ ಕೆಲಸದವಳು, ಇಸಾಕೋಳ ಜೊತೆಗೇ ಮುದುಕಿಯಾದವಳು, ಬಾಯಿಗೆ ಬೀಗವಿಲ್ಲದವಳು. ಅವಳು ಪರದೆಯಿಂದಾಚೆ ಬಂದು ನೆಲಕ್ಕೆ ಹಣೆ ಹಚ್ಚಿದಳು.

"ತಪ್ಪಾಯ್ತು ಸ್ವಾಮೀ. ಇವತ್ತು ಯಜಮಾನ್ರಿಗೆ ವರ್ಜ್ಯದ ದಿನ. ಹೊರಗಿಂದ ಬಂದಿದ್ದನ್ನ ಮುಟ್ಟೋ ಹಾಗಿಲ್ಲ ಅಂತ ಜೋಯಿಸ್ರು ಹೇಳಿದಾರೆ."

"ವರ್ಜ್ಯದ ದಿನ ಅತಿಥೀನ ಹೇಗೆ ಒಳಗೆ ಬಿಟ್ರಿ?" ಓಮಿಯಾ ಹುಬ್ಬೇರಿಸಿದ.

"ಅಯ್ಯೋ, ನೀವು ಅತಿಥೀನಾ ಸ್ವಾಮೀ? ಮನೆಯೋರ ಹಾಗೇ. ನಮ್ಮನೆ ವಿಷಯ ನಮಗಿಂತ ನಿಮಗೇ ಚೆನ್ನಾಗಿ ಗೊತ್ತಿರತ್ತೆ."

ಓಮಿಯಾ ನಕ್ಕ. ನಕ್ಕು ಏಳುವಾಗ, "ಪಟ್ಟಾಭಿಷೇಕಕ್ಕೆ ಮೂರು ದಿನ ಮುಂಚೆ ಮಗೂಗೆ ಹೇಳಿಕೊಡಬೇಕು, ಅಲ್ವಾ? ಕಷ್ಟ ಅನ್ನಿಸಿದ್ರೆ ಸಂಕೋಚ ಬೇಡ. ನಮ್ಮ ಮುತ್ತಾತನ ದಿನಚರಿಲಿ ಎಲ್ಲ ಇದೆ," ಅಂದ. ಅವರ ಮುತ್ತಾತನ ದಿನಚರಿಯಲ್ಲಿ ಏನಿದೆಯೋ ದೇವರೇ ಬಲ್ಲ. ಆದರೆ ಮೊರೊನಾಗ ತಡವರಿಸಿದರೆ ಆ ದಿನಚರಿ ಮರುದಿನವೇ ವೇದವಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಅಂದು ಮಧ್ಯಾಹ್ನ ಇಸಾಕೋ ಔಷಧಿಯ ಬಟ್ಟಲು ಹಿಡಿದು ಹೋದಾಗ ಗಂಡ ಜಗಲಿಯ ಮೇಲೆ ಅವಳಿಗೆ ಬೆನ್ನು ಹಾಕಿ ಕೂತಿದ್ದ. ತೋಳುಗಳ ಒಳಗೆ ಕೈ ಆಡುತ್ತಿತ್ತು. ಬಲಗೈ ಸರಾಗವಾಗಿ ತನ್ನ ಆಕಾರಕ್ಕೆ ಬಂತು, ತೋಳಿನ ಬಟ್ಟೆಯ ಏರಿಳಿತದಲ್ಲೇ ಅವಳಿಗೆ ತಿಳಿಯಿತು. ಆಮೇಲೆ ಅವನು ಎಡಗೈಯನ್ನು ಹೊರಗೆ ತೆಗೆದು, ಬಲಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಹಿಡಿದ. ಮೊದಲ ಬೆರಳು ಮಡಿಸಿದ. ಬಿಡಿಸಿದ. ಎರಡನೆಯದನ್ನು ಮಡಿಸಿದ. ತಲೆ ಅಲ್ಲಾಡಿಸಿದ. ಬಿಡಿಸಿದ. ಯಾವುದೋ ಕೋಣೆಗೆ ಬಂದು, ಏತಕ್ಕೆ ಬಂದೆ ಅನ್ನುವುದು ಮರೆತು ನಿಂತವರ ಹಾಗೆ ಆ ಕೈಯನ್ನು ನೋಡುತ್ತ ಕೂತ. ಅವನ ಭುಜ ಅಲುಗತೊಡಗಿತು.

ಇಸಾಕೋ ಸದ್ದಿಲ್ಲದೆ ಹಿಂದಕ್ಕೆ ಸರಿದಳು. ಬಟ್ಟಲಿನ ಔಷಧಿ ತುಳುಕಿ ಅವಳ ಕೈ ಸುಟ್ಟಿತು, ಗಮನಕ್ಕೇ ಬರಲಿಲ್ಲ. ಬೆರಳು ಬಗ್ಗದಿರುವುದು ಒಂದು ಮಾತು. ಬಿಸಿನೀರಿದೆ, ತೈಲವಿದೆ, ದಿನಗಳಿವೆ. ಆದರೆ ಅವನಿಗೆ ಮರೆತೇ ಹೋಗಿದೆ. ವಾಯು ಬಡಿದದ್ದು ಕೈಗಷ್ಟೇ ಅಲ್ಲ. ಭೂಮಿಯ ಮೇಲೆ ಅದನ್ನು ಬಲ್ಲವನು ಅವನೊಬ್ಬ. ಕಲಿಯಬೇಕಾಗಿದ್ದ ಮಗ ಒಂಬತ್ತರ ವಯಸ್ಸಿಗೇ ಸಿಡುಬಿನಲ್ಲಿ ಹೋದ. ದತ್ತು ತಂದ ಹುಡುಗನಿಗೆ ಇನ್ನೂ ಆರು ವರ್ಷ. ಕಳೆದುಕೊಂಡದ್ದು ಏನು ಅಂತ ಹೆಂಡತಿಗೂ ಹೇಳಿ ಅಳುವ ಹಾಗಿಲ್ಲ ಆ ಮನುಷ್ಯ. ಅಂಥ ಏಕಾಕಿತನ ಶತ್ರುವಿಗೂ ಬೇಡ.

ಈಗ ಒಂದು ವಿಷಯ ಹೇಳಬೇಕು. ಇಸಾಕೋಳಿಗೆ ಆ ಮುದ್ರೆ ಗೊತ್ತಿತ್ತು.

ಹದಿನೇಳರ ವಯಸ್ಸಿಗೆ ಮದುವೆಯಾಗಿ ಬಂದ ಮೊದಲ ಬೇಸಿಗೆ. ಮಧ್ಯಾಹ್ನ ಊಟವಾದ ಮೇಲೆ ಮೊರೊನಾಗ ಜಗಲಿಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದ, ಅವಳು ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಿದ್ದಳು. ನಿದ್ದೆಯಲ್ಲೇ ಅವನ ಎರಡು ಕೈಗಳು ಎದೆಯ ಮೇಲೆ ಒಂದನ್ನೊಂದು ಹುಡುಕಿಕೊಂಡು ಬಂದು, ಬೆರಳು ಹೆಣೆದು, ಸುಮ್ಮನಾದವು. ಸ್ನಾಯು ಹಿಡಿದಿದೆ ಅಂದುಕೊಂಡಳು ಹುಡುಗಿ. ಮರುದಿನವೂ ಹಾಗೇ. ಎರಡನೇ ಬೇಸಿಗೆಗೆ ಅವಳಿಗೆ ಅದೇನೆಂದು ಹೊಳೆಯಿತು. ಎಚ್ಚರವಿದ್ದಾಗ ಮೂರು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವ ಗಂಡ, ನಿದ್ದೆಯಲ್ಲಿ ಮನೆತನದ ಗುಟ್ಟನ್ನು ಎದೆಯ ಮೇಲೆ ಹರಡಿಕೊಂಡು ಮಲಗುತ್ತಿದ್ದ! ಅಂದಿನಿಂದ ನಲವತ್ತು ವರ್ಷ, ಅವನು ಮಲಗಿದಾಗ ಕೆಲಸದವರು ಯಾರಾದರೂ ಹತ್ತಿರ ಬಂದರೆ, ಇಸಾಕೋ ಅವನ ಅಂಗಿಯ ತೋಳನ್ನು ಎಳೆದು ಆ ಕೈಗಳ ಮೇಲೆ ಮುಚ್ಚುತ್ತಿದ್ದಳು. ಗುಟ್ಟು ಅವನದು, ಕಾದವಳು ಅವಳು. ಒಂದು ಸಲವೂ ಬಾಯಿ ಬಿಡಲಿಲ್ಲ.

ಈಗ ಹೋಗಿ ನನಗೆ ಗೊತ್ತಿದೆ ಅಂದರೆ? ಹೊರಗಿನವರು ಒಬ್ಬರು ನೋಡಿದರೂ ಮುದ್ರೆಯನ್ನು ಕಾಯುವ ಯೋಗ್ಯತೆ ಯಜಮಾನನಿಗೆ ಉಳಿಯುವುದಿಲ್ಲ ಅಂತ ಮನೆತನದ ಕಟ್ಟಳೆ. ಹೆಂಡತಿಯೂ ಹೊರಗಿನವಳೇ. ಮೊರೊನಾಗನೋ, ನಿಯಮದ ವಿಷಯದಲ್ಲಿ ಕಲ್ಲು. ಮಳೆಯಲ್ಲಿ ಹಾಕಬಾರದ ಟೋಪಿ ಅಂತ ಟೋಪಿಯನ್ನು ಎದೆಯಲ್ಲಿಟ್ಟುಕೊಂಡು ತಾನು ನೆನೆದು ಬಂದವನು. ಅವನು ಅಂದೇ ಪದವಿ ಬಿಟ್ಟು, ಕಾರಣವನ್ನೂ ಬರೆದುಕೊಟ್ಟುಬಿಡುತ್ತಾನೆ. ಹೇಳದೆ ಇದ್ದರೆ? ಮೊಮ್ಮಗನ ಮುಂದೆ ಬರಿಗೈಯಲ್ಲಿ ಕೂರುತ್ತಾನೆ. ಮಗು ಏನೂ ಇಲ್ಲದೆ ಸಿಂಹಾಸನ ಏರುತ್ತದೆ. ಒಂದು ಬರ ಬಂದರೂ, ಒಂದು ಬೆಂಕಿ ಬಿದ್ದರೂ, ಓಮಿಯಾದಂಥವರು ಆ ತಾಯಿಯಿಲ್ಲದ ಮಗುವಿನ ಕಡೆ ಬೆರಳು ತೋರಿಸುತ್ತಾರೆ, ಅದು ಮುದುಕನಾಗುವವರೆಗೂ. ಇಸಾಕೋಳಿಗೆ ತಡೆಯಲಾಗದ್ದು ಅದು.

ಎರಡು ದಿನ ಅವಳು ಅನ್ನ ಸರಿಯಾಗಿ ತಿನ್ನಲಿಲ್ಲ. ಮೂರನೇ ದಿನ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ತನ್ನ ಬೆರಳುಗಳನ್ನೇ ಮಡಿಸಿ ನೋಡತೊಡಗಿದಳು. ನೋಡಿದ್ದೆಲ್ಲ ಎದುರಿನಿಂದ, ಪಕ್ಕದಿಂದ. ಅವನ ಎಡ ತನಗೆ ಬಲ. ತಿರುಗಿಸಿ ತಿರುಗಿಸಿ ತಲೆ ಗಿರ್ರೆಂದಿತು.

"ಏನಮ್ಮಾವ್ರೇ, ಬೆರಳು ನೋಯ್ತಿದ್ಯಾ? ಅಥವಾ ನನಗೆ ಕೊಡಬೇಕಾದ ಬೈಗುಳ ಎಣಿಸ್ತಿದೀರೋ?" ಹಿಂದಿನಿಂದ ಸೆಕಿ ಕೇಳಿದಳು.

"ಅದಕ್ಕೆ ಹತ್ತು ಬೆರಳು ಸಾಕಾಗತ್ತೇನೇ? ನೀರು ಕಾಯಿಸು. ಮಾಚಿಪತ್ರೆ ಹಾಕಿ ಕುದಿಸು. ಯಜಮಾನರ ಕೈ ನೀವಬೇಕು."

"ನೀವು ನೀವ್ತೀರಾ? ನೀವುವವನನ್ನ ಕರೆಸಿದ್ರಾಯ್ತಪ್ಪ. ಕುರುಡು ಜೋಹಾನ್ ಇದಾನಲ್ಲ, ಬೆರಳು ಮುಟ್ಟಿದ್ರೆ ಬೆಣ್ಣೆ."

"ನಾನೇ ನೀವ್ತೀನಿ. ನೀನು ನೀರು ಇಟ್ಟು ಹೊರಗೆ ನಡಿ. ಕರೆಯೋವರೆಗೂ ಯಾರೂ ಬರಕೂಡದು."

ಸೆಕಿ ಒಂದು ಕಣ್ಣು ಕಿರಿದು ಮಾಡಿ, "ಈ ವಯಸ್ಸಿನಲ್ಲಿ ಬಾಗಿಲು ಬೇರೆ," ಅಂತ ಗೊಣಗಿಕೊಂಡು ಹೋದಳು.

ಹೀಗೆ ಶುರುವಾಯಿತು. ದಿನಾ ಊಟಕ್ಕೆ ಮುಂಚೆ ಇಸಾಕೋ ಗಂಡನ ಎಡಗೈಯನ್ನು ಬಿಸಿನೀರಿನಲ್ಲಿ ಇಟ್ಟು, ಒರೆಸಿ, ಎಳ್ಳೆಣ್ಣೆ ಹಚ್ಚಿ ನೀವುತ್ತಿದ್ದಳು. ಅಂಗೈ, ಮಣಿಕಟ್ಟು, ಒಂದೊಂದು ಗಿಣ್ಣು. ಬಾಯಿ ಮಾತ್ರ ಊರ ವಿಷಯವನ್ನೆಲ್ಲ ಆಡುತ್ತಿತ್ತು, ಯಾರ ಮನೆಯ ಬೆಕ್ಕು ಮರಿ ಹಾಕಿತು, ಯಾರ ಸೊಸೆ ಮುತ್ತೈದೆಯರ ರೂಢಿಯಂತೆ ಹಲ್ಲಿಗೆ ಕಪ್ಪು ಹಚ್ಚಲು ಒಲ್ಲೆ ಅಂದಳು ಅಂತ. ಮಾತಿನ ನಡುವೆ ಬೆರಳೊಂದನ್ನು ಮಡಿಸಿ, ಹಾಗೇ ಹಿಡಿದು, ಬಿಡುತ್ತಿದ್ದಳು. ಸಲೀಸಾಗಲಿ ಅಂತ ಮಡಿಸಿದ್ದೇ ಹೊರತು ಬೇರೆ ಏನೂ ಅಲ್ಲ ಅನ್ನುವ ಹಾಗೆ. ಮರುದಿನ ಅದರ ಪಕ್ಕದ್ದು. ಒಮ್ಮೆ ಬೇಕೆಂದೇ ತಪ್ಪು ಬೆರಳನ್ನೂ ಮಡಿಸಿದಳು. ಕಳ್ಳತನದಲ್ಲಿ ಅವಳು ಹೊಸಬಳು, ಅತಿ ಜಾಣತನ ಮಾಡುತ್ತಿದ್ದಳು.

"ಉಂಗುರದ ಬೆರಳು ನೋಯತ್ತೆ ಕಣೇ," ಅಂತಿದ್ದ ಮೊರೊನಾಗ.

"ನೋಯ್ತಿದೆ ಅಂದ್ರೆ ಜೀವ ಇದೆ ಅಂತ. ಸುಮ್ನೆ ಕೂತ್ಕೊಳ್ಳಿ."

"ಮಗಳನ್ನೂ ಹೀಗೇ ಗದರಿಸಿ ಸ್ನಾನ ಮಾಡಿಸ್ತಿದ್ದೆ."

"ಅವಳು ನಿಮ್ಮಷ್ಟು ಹಟ ಮಾಡ್ತಿರಲಿಲ್ಲ."

ಮಗಳ ಮಾತು ಬಂದರೂ ಹೆಂಡತಿಯ ಕೈ ನಿಲ್ಲುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅವಳು ಗಂಡನ ಕೈಯನ್ನು ಇಷ್ಟು ಹೊತ್ತು ಹಿಡಿದದ್ದೇ ಇರಲಿಲ್ಲ. ದೊಡ್ಡಮನೆಗಳಲ್ಲಿ ಅಂಥದಕ್ಕೆಲ್ಲ ಪುರುಸೊತ್ತು ಎಲ್ಲಿ? ಕಾಯಿಲೆ ಕೊಟ್ಟ ದೇವರಿಗೆ ಅವಳು ಒಳಗೊಳಗೇ ಒಂದು ಚಿಕ್ಕ ನಮಸ್ಕಾರ ಹಾಕಿ, ಹಾಕಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ನಾಲ್ಕನೇ ತಿಂಗಳ ಎಂಟನೇ ದಿನಕ್ಕೆ ಬೆರಳುಗಳು ಹೇಳಿದ ಮಾತು ಕೇಳತೊಡಗಿದವು. ಅಂದು ಅವಳು ಎಲ್ಲ ಬೆರಳುಗಳನ್ನೂ ಒಂದೇ ಸಲಕ್ಕೆ ಅವುಗಳ ಜಾಗದಲ್ಲಿಟ್ಟು, ಮೇಲೆ ಬಿಸಿ ಬಟ್ಟೆ ಸುತ್ತಿದಳು.

"ಬಟ್ಟೆ ಆರೋವರೆಗೂ ಹೀಗೇ ಇರಲಿ, ಅಲ್ಲಾಡಿಸಬೇಡಿ. ಸೆಕಿ ಮೀನು ಹೊತ್ತಿಸ್ತಿದಾಳೆ, ವಾಸನೆ ಬರ್ತಿದೆ. ನೋಡಿ ಬರ್ತೀನಿ."

ಮೀನೂ ಇರಲಿಲ್ಲ, ಒಲೆಯೂ ಹತ್ತಿರಲಿಲ್ಲ. ಅವಳು ಓಣಿಯಂಥ ಜಗಲಿಯಲ್ಲಿ ಗೋಡೆಗೆ ಒರಗಿ ನಿಂತು, ನೂರರವರೆಗೆ ಎಣಿಸಿ, ಮತ್ತೆ ನೂರು ಎಣಿಸಿದಳು. ತಿರುಗಿ ಬಂದಾಗ ಬಟ್ಟೆ ಬಿಚ್ಚಿ ಚಾಪೆಯ ಮೇಲೆ ಬಿದ್ದಿತ್ತು. ಮೊರೊನಾಗನ ಎರಡೂ ಕೈ ತೋಳುಗಳ ಒಳಗಿದ್ದವು. ಅವನ ಮುಖದಲ್ಲಿ ಎರಡು ತಿಂಗಳ ಮೋಡ ಸರಿದಿತ್ತು.

"ನೀರು ಹಿತವಾಗಿತ್ತು ಇವತ್ತು," ಅಂದ, ಅಷ್ಟೇ.

"ಮಾಚಿಪತ್ರೆ ಹೊಸದು," ಅಂದಳು ಅವಳು. ಕೈ ತಾನಾಗಿ ಜ್ಞಾಪಿಸಿಕೊಂಡಿತು ಅಂತ ನಂಬಿದ್ದಾನೆ ಪುಣ್ಯಾತ್ಮ, ಹಾಗೇ ನಂಬಿಕೊಂಡಿರಲಿ ಅಂತ ಅವಳು ದೇವರ ಕೋಣೆಗೆ ಹೋಗಿ ಮನಸಾರೆ ಅತ್ತಳು.

ಹದಿನೆಂಟನೇ ತಾರೀಖು ಬೆಳಿಗ್ಗೆ ಅರಮನೆಯಿಂದ ಕರೆ ಬಂತು. ಇಸಾಕೋ ತಾನೇ ನಿಂತು ಅವನಿಗೆ ಕಪ್ಪು ದರ್ಬಾರಿನ ಅಂಗಿ ತೊಡಿಸಿದಳು. ಎಡದ ತೋಳನ್ನು ಸ್ವಲ್ಪ ಹೆಚ್ಚೇ ಸರಿಪಡಿಸಿದಳು. ಪಲ್ಲಕ್ಕಿ ಬಾಗಿಲು ದಾಟಿದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಿಗೆ ತೆಗೆದಳು, ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಸೆಕಿ ಎದುರಿಗೆ ಕೂತು ಬಟಾಣಿ ಬಿಡಿಸುತ್ತ, "ಯುದ್ಧಕ್ಕೇನೂ ಕಳಿಸಿಲ್ವಲ್ಲ ಅಮ್ಮಾವ್ರೇ, ಮೊಮ್ಮಗನ್ನ ನೋಡಕ್ಕೆ ಹೋಗಿದಾರೆ," ಅಂದಳು. ಅವಳಿಗೇನು ಗೊತ್ತು.

ಮಗುವಿನ ಮುಂದೆ ಕೂತಾಗ ಮತ್ತೆ ಮರೆತರೆ? ಬೆರಳು ನಡುಗಿದರೆ? ತಾನು ತಿರುಗಿಸಿ ನೋಡಿದ್ದೇ ತಪ್ಪಾಗಿದ್ದರೆ? ಆ ಕೊನೆಯ ಯೋಚನೆ ಬಂದಾಗ ಅವಳು ಎದ್ದೇ ನಿಂತುಬಿಟ್ಟಳು. ಅವನು ನೆನೆಸಿಕೊಂಡದ್ದಲ್ಲ, ತಾನು ಕೊಟ್ಟದ್ದು. ತಪ್ಪಾಗಿದ್ದರೆ ಆ ತಪ್ಪು ಮಗುವಿನ ತಲೆಗೆ, ಆಮೇಲೆ ಆ ಮಗುವಿನ ಮಕ್ಕಳ ತಲೆಗೆ. ಎಂಥ ಕೆಲಸ ಮಾಡಿಬಿಟ್ಟೆ ನಾನು ಅಂತ ಅವಳಿಗೆ ಅಂದೇ ಮೊದಲ ಸಲ ಭಯವಾದದ್ದು.

ಪಲ್ಲಕ್ಕಿ ಮರಳಿದಾಗ ಬಿಸಿಲು ಪಡುವಣಕ್ಕೆ ವಾಲುತ್ತಿತ್ತು. ಮೊರೊನಾಗ ಅಂಗಿ ಬಿಚ್ಚಲಿಲ್ಲ. ಸೆಕಿಯನ್ನು ಹೊರಗೆ ಕಳಿಸಿ, ಬಾಗಿಲು ತಾನೇ ಎಳೆದುಕೊಂಡು, ಹೆಂಡತಿಯ ಎದುರಿಗೆ ಬಂದು ಕೂತ.

"ಕಲಿತ," ಅಂದ. "ಎರಡೇ ಸಲಕ್ಕೆ. ಎಷ್ಟು ಚಿಕ್ಕ ಕೈ ಕಣೇ, ಗುಬ್ಬಚ್ಚಿ ಹಿಡಿದ ಹಾಗೆ."

ಇಸಾಕೋಳ ಕಣ್ಣು ತುಂಬಿತು. "ಊಟ ಸರಿಯಾಗಿ ಮಾಡ್ತಿದಾನಂತಾ? ಬೆಳೆದಿದಾನಾ?"

"ಮುಂದಿನ ಹಲ್ಲು ಬಿದ್ದಿದೆ. ಮಾತಾಡಿದ್ರೆ ಗಾಳಿ ಹೋಗತ್ತೆ. ತಡಿ, ಅದಲ್ಲ ನಾನು ಹೇಳಬೇಕಾಗಿದ್ದು." ಅವನು ಎಡಗೈಯನ್ನು ತೋಳಿನಿಂದ ಹೊರಗೆ ತೆಗೆದು ಮೊಣಕಾಲ ಮೇಲಿಟ್ಟ. "ನನ್ನ ಕಿರುಬೆರಳು ನೋಡು. ಹನ್ನೆರಡನೇ ವಯಸ್ಸಲ್ಲಿ ಚೆಂಡು ಒದೆಯೋ ಆಟ ಆಡುವಾಗ ಬಿದ್ದು ಮುರಿದುಕೊಂಡೆ. ಕೂಡಿದಾಗ ಸೊಟ್ಟಗೆ ಕೂಡಿತು. ಅದಕ್ಕೇ ಮುದ್ರೆ ಹಿಡಿದರೆ ಅದು ಹೋಗಬೇಕಾದ ಕಡೆ ಪೂರ್ತಿ ಹೋಗಲ್ಲ. ಸ್ವಲ್ಪ ಹೊರಗೆ ನಿಲ್ಲತ್ತೆ. ಅಪ್ಪ ಅದಕ್ಕೆ ಎಷ್ಟು ಸಲ ನನ್ನ ಕೈ ಮೇಲೆ ಬೀಸಣಿಗೇಲಿ ಬಾರಿಸಿದ್ರೋ! ವಾಯು ಬಡಿದ ಮೇಲೆ ಈ ಕೈ ಸತ್ತ ಮೀನಿನ ಹಾಗಾಗಿತ್ತು, ಕಿರುಬೆರಳನ್ನ ಎಲ್ಲಿಟ್ಟರೂ ಇರ್ತಿತ್ತು. ಅದನ್ನ ನೇರವಾಗಿ ಒಳಗೆ ಮಡಿಸಬಹುದಿತ್ತು. ನೀನು ಮಡಿಸಲಿಲ್ಲ. ತಿಂಗಳುದ್ದಕ್ಕೂ ಅದನ್ನ ಸ್ವಲ್ಪ ಹೊರಗೇ ನಿಲ್ಲಿಸಿದೆ."

ಇಸಾಕೋ ಆ ಸೊಟ್ಟ ಬೆರಳನ್ನು ನೋಡಿದಳು.

"ಆ ತಪ್ಪು ನನ್ನೊಬ್ಬನದು ಕಣೇ. ನಮ್ಮ ಮನೇಲಿ ಇನ್ಯಾರೂ ಮಾಡಿಲ್ಲ, ಮಗೂಗೂ ಸರಿಯಾಗೇ ಮಡಿಸಿಕೊಟ್ಟೆ. ಅದನ್ನ ಹಾಗೇ ಕಲಿತವರು ನನ್ನನ್ನ ನೋಡಿಯೇ ಕಲಿತಿರಬೇಕು."

"ಯಾವತ್ತು ಗೊತ್ತಾಯ್ತು?" ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

"ನಾಲ್ಕನೇ ದಿನ."

"ಗೊತ್ತಿದ್ದೂ ಬೆಕ್ಕಿನ ಮರಿ ಕತೆ ಕೇಳಿಸಿಕೊಂಡು ಕೂತಿದ್ರಾ!"

"ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ನಡುವೆ ಬಾಯಿ ಹಾಕೋದು ಹೇಗೆ?"

ಅವಳು ತಲೆ ನೆಲಕ್ಕೆ ಹಚ್ಚಿದಳು. "ತಪ್ಪಾಯ್ತು. ನಾನು ಬೇಕು ಅಂತ ನೋಡಲಿಲ್ಲ. ನೀವು ನಿದ್ದೇಲಿ... ನಲವತ್ತು ವರ್ಷ ಮುಚ್ಚಿದೀನಿ, ಯಾರಿಗೂ ಬಿಟ್ಟುಕೊಟ್ಟಿಲ್ಲ. ಪದವಿ ಬಿಡ್ತೀನಿ ಅನ್ನಬೇಡಿ. ಮಗು ಒಬ್ಬನೇ ಆಗ್ತಾನೆ."

"ಏಳು ಮೇಲೆ," ಅಂದ ಮೊರೊನಾಗ. "ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ಮಗೂಗೆ ಹೇಳಿಕೊಟ್ಟು, ಪಟ್ಟ ಆದ ಮಾರನೇ ದಿನ ಎಲ್ಲ ಬರೆದುಕೊಟ್ಟು ಹೊರಗೆ ಬಂದುಬಿಡೋದು ಅಂತ. ಕಟ್ಟಳೆ ಅಂದ್ರೆ ಕಟ್ಟಳೆ. ಆದರೆ ಅವನು ಒಂದು ಮಾತು ಕೇಳಿಬಿಟ್ಟ. ಮುದ್ರೆ ಹಿಡಿದುಕೊಂಡೇ, ತಲೆ ಎತ್ತಿ, 'ತಾತ, ನಿಮಗೆ ಯಾರು ಹೇಳಿಕೊಟ್ರು?' ಅಂದ."

ಹೊರಗೆ ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದರು. ಇಸಾಕೋ ಗಂಡನ ಮುಖವನ್ನೇ ನೋಡುತ್ತಿದ್ದಳು.

"ನಮ್ಮಪ್ಪ ಅಂತ ಹೇಳಿದ್ರೆ ಮುಗೀತಿತ್ತು. ನಾನು ನನ್ನಪ್ಪನ್ನ ಕೇಳಿದಾಗ ಅವರೂ ಹಾಗೇ ಅಂದಿದ್ದು. ಆದರೆ ಆ ಕೋಣೇಲಿ ಕೂತು, ಆ ಮಗು ಕಣ್ಣಲ್ಲಿ ಕಣ್ಣಿಟ್ಟು, ಸುಳ್ಳು ಹೇಳಕ್ಕಾಗಲಿಲ್ಲ. 'ಮೊದಲು ನಮ್ಮಪ್ಪ ಹೇಳಿಕೊಟ್ರು, ನಾನು ಅದನ್ನ ಕಳಕೊಂಡೆ, ಆಮೇಲೆ ನಿಮ್ಮ ಅಜ್ಜಿ ಹೇಳಿಕೊಟ್ಳು' ಅಂದೆ."

"ಅಯ್ಯಯ್ಯೋ! ಮಗು ಎದುರಿಗೆ? ಏನಂದ?"

"ಹಿಡಿದಿದ್ದ ಮುದ್ರೆ ನೋಡಿಕೊಂಡ. ಆಮೇಲೆ, 'ಹಾಗಾದ್ರೆ ನಾನು ಕಲಿಸಿದವರ ಹೆಸರು ಹೇಳೋವಾಗ ಅಜ್ಜಿ ಹೆಸರೂ ಹೇಳಬೇಕಲ್ವಾ ತಾತ?' ಅಂದ. ಹೊರಗಿನವರ ಹೆಸರು ಹೇಳೋ ಹಾಗಿಲ್ಲ ದೊರೆ ಅಂದೆ. ಅವನಿಗೆ ಸಿಟ್ಟು ಬಂತು ಕಣೇ. ಥೇಟು ನಮ್ಮ ಹುಡುಗಿ ಹಾಗೇ ಗಲ್ಲ ಉಬ್ಬಿಸಿ, 'ಅಜ್ಜಿ ಹೊರಗಿನವರಲ್ಲ' ಅಂದ. ಚಕ್ರವರ್ತಿ ಹೇಳಿದ ಮೇಲೆ ಅದು ಆಜ್ಞೆ. ಇನ್ನು ನಾನು ಏನು ಅಂತ ಬರೆದುಕೊಡಲಿ?"

ಇಸಾಕೋ ನಗಲೂ ಆಗದೆ ಅಳಲೂ ಆಗದೆ ಬಾಯಿಗೆ ತೋಳು ಒತ್ತಿಕೊಂಡಳು. ನಲವತ್ತು ವರ್ಷ ಆ ಮನೆಯ ಅನ್ನ ಉಂಡು, ಆ ಮನೆಗೆ ಎರಡು ಮಕ್ಕಳನ್ನು ಹೆತ್ತು, ಎರಡನ್ನೂ ಮಣ್ಣಿಗೆ ಕೊಟ್ಟು, ಅವಳು ಕಟ್ಟಳೆಯ ಪ್ರಕಾರ ಹೊರಗಿನವಳಾಗಿಯೇ ಉಳಿದಿದ್ದಳು. ಹಲ್ಲು ಬಿದ್ದ ಎಂಟು ವರ್ಷದ ಹುಡುಗ ಒಂದು ಮಾತಿನಲ್ಲಿ ಅವಳನ್ನು ಒಳಗೆ ಕರೆದುಕೊಂಡಿದ್ದ.

"ಆಮೇಲೆ ಇನ್ನೊಂದು ಕೇಳಿದ," ಅಂದ ಮೊರೊನಾಗ. "'ಅಜ್ಜಿ ಹೆಸರೇನು?' ಅಂದ. ಐದು ವರ್ಷ ನಿನ್ನ ಮಡಿಲಲ್ಲಿ ಬೆಳೆದ ಮಗು. ಅದಕ್ಕೆ ನಿನ್ನ ಹೆಸರು ಗೊತ್ತಿಲ್ಲ. ಹೇಗೆ ಗೊತ್ತಿರತ್ತೆ? ಎಲ್ಲರೂ ನಿನ್ನ ಬಿರುದು ಹಿಡಿದು 'ಉತ್ತರದ ಅರಮನೆಯವರು' ಅಂತ ಕರೀತಾರೆ, ನಾನು ಕಣೇ ಅಂತೀನಿ. ಆ ಹೆಸರನ್ನ ನಾನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷ ಆಗಿತ್ತೋ. ಇಸಾಕೋ ಅಂದೆ. ಅವನು ಮುದ್ರೆ ಬಿಡದೆ, ಕಣ್ಣು ಮುಚ್ಚಿಕೊಂಡು, ಮೊದಲಿಂದ ಕಲಿಸಿದವರ ಸರಣಿ ಹೇಳಿಕೊಂಡ. ನನ್ನ ಮುತ್ತಾತ, ನನ್ನ ತಾತ, ನನ್ನಪ್ಪ, ನಾನು. ಆಮೇಲೆ ಇಸಾಕೋ. ಮರೆತು ಹೋಗಬಾರದು ಅಂತ ಇಸಾಕೋ ಅನ್ನೋದನ್ನ ಮೂರು ಸಲ ಹೇಳಿಕೊಂಡ."

ಇಸಾಕೋ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಹೊರಗೆ ಸೆಕಿಗೆ ಕೇಳಿಸಿದರೆ ಕೇಳಿಸಲಿ ಅಂತ ಬಿಕ್ಕಿ ಬಿಕ್ಕಿ ಅತ್ತಳು. ಮೊರೊನಾಗ ಇನ್ನೂ ಪೂರ್ತಿ ಹತೋಟಿಗೆ ಬಾರದ ಎಡಗೈಯನ್ನು ಎತ್ತಿ ಅವಳ ಬೆನ್ನ ಮೇಲಿಟ್ಟ. ನೀವಲು ನೋಡಿದ, ಸರಿಯಾಗಿ ಆಗಲಿಲ್ಲ. ಆದರೂ ಅವಳ ಅಳು ನಿಲ್ಲುವವರೆಗೆ ಅವನು ಕೈ ತೆಗೆಯಲಿಲ್ಲ.